ಬೇಸಗೆಯ ರಜೆಯನ್ನು ಮೊಟಕು ಮಾಡತಕ್ಕುದೆ?

ಮಾವಿನ ಮಿಡಿಗಳು ಉಪ್ಪಿನ ಜಾಡಿಯನ್ನು ಸೇರುವ ವೇಳೆಗೆ, ಪಾಠಶಾಲೆಗಳ ಬೇಸಗೆಯ ರಜೆ ಅತಿಯಾಯಿತೆಂಬ ಕೂಗು ವರ್ಷಂಪ್ರತಿ ಏಳುವುದು. ಒಂದೂವರೆ ತಿಂಗಳ ಕಾಲ ಪುಸ್ತಕ ಮುಟ್ಟದೆ ಮಕ್ಕಳು ಕಲಿತುದನ್ನೆಲ್ಲ ಮರೆಯುವರೆಂದೂ, ಬೀದಿ ಬೀದಿ ಅಲೆದು ಕೆಡುವರೆಂದೂ, ಉಪಾಧ್ಯಾಯರಿಗೆ ಕುಳಿತಲ್ಲೇ ಸಂಬಳ ಸಲ್ಲುವುದೆಂದೂ, ಆದುದರಿಂದ ರಜೆಯಲ್ಲಿ ಎರಡು ವಾರವನ್ನೋ ಮೂರು ವಾರವನ್ನೋ ಕಡಿದು ಪಾಠಕ್ಕೆ ಸೇರಿಸಬೇಕೆಂದೂ ವಾದಿಸುವ ಮಹನೀಯರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಅವರಲ್ಲಿ ಬಹುಮಂದಿ ವಿದ್ಯಾವಂತರು. ಮಕ್ಕಳ ಹಿತವನ್ನು ಬಯಸುವವರು. ಅವರ ಉದ್ದೇಶದಲ್ಲಿ ಸಂದೇಹಪಡತಕ್ಕುದೇನೂ ಇಲ್ಲ. ಸಂದೇಹವೇನಿದ್ದರೂ ಅವರ ಲೆಕ್ಕದಲ್ಲಿ.

ಆ ಲೆಕ್ಕವನ್ನೇ ಮೊದಲು ಪರಿಶೀಲಿಸಬಹುದು. 2009ರ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ತನ್ನ ಅನುಸೂಚಿಯಲ್ಲಿ, ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠವೂ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ, 1,000 ಗಂಟೆಗಳ ಪಾಠವೂ ಕಡಿಮೆಯೆಂದರೆ ನಡೆಯಲೇಬೇಕೆಂದು ವಿಧಿಸಿರುವುದು. ಕರ್ನಾಟಕದಲ್ಲಿ ಬೇಸಗೆಯ ರಜೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ವರ್ಷದ 365 ದಿನಗಳಲ್ಲಿ ಈ 48ನ್ನು ಕಳೆದು, ಮಿಕ್ಕ ತಿಂಗಳುಗಳ ಭಾನುವಾರಗಳನ್ನೆಲ್ಲ ಕಳೆದು, ಕಾಯಿದೆ ಕೇಳುವ 220 ದಿನಗಳನ್ನೂ ಕಳೆದರೆ, ಇನ್ನೂ ಐವತ್ತಕ್ಕೆ ಕಡಿಮೆಯಿಲ್ಲದಷ್ಟು ದಿನಗಳು ಕೈಯಲ್ಲಿ ಉಳಿಯುವುವು. ದಸರೆಯ ರಜೆಗೂ ಹಬ್ಬಹುಣ್ಣಿಮೆಗಳಿಗೂ ಇಷ್ಟು ಸಾಕು. ಬೇಸಗೆಯ ಒಂದು ದಿನವನ್ನೂ ಮುಟ್ಟದೆ ಕಾಯಿದೆಯನ್ನು ಪಾಲಿಸಬಹುದೆಂಬುದು ಕೂಡುವ ಕಳೆಯುವ ಲೆಕ್ಕವನ್ನು ಬಲ್ಲ ಯಾರಿಗಾದರೂ ವೇದ್ಯವಾಗತಕ್ಕ ವಿಷಯ.

ಹಾಗಾದರೆ ಪಾಠಗಳೇಕೆ ಮುಗಿಯುವುದಿಲ್ಲ? ಐದನೆಯ ತರಗತಿಯ ಹುಡುಗ ಎರಡನೆಯ ತರಗತಿಯ ವಾಚಕವನ್ನು ಓದಲಾರದೆ ತಡವರಿಸುವುದೇಕೆ? ಇದಕ್ಕೆ ಉತ್ತರವನ್ನು ಮೇ ತಿಂಗಳಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಜೂನ್ ತಿಂಗಳಿಂದ ಮಾರ್ಚಿಯವರೆಗೆ ಹುಡುಕಬೇಕು. ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳೂ ಇಬ್ಬರು ಉಪಾಧ್ಯಾಯರೂ ಇರುವರೆಂದು ಭಾವಿಸಬಹುದು. ಇದು ಅದೃಷ್ಟವಂತ ಶಾಲೆಯೇ ಸರಿ. ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳು ರಾಜ್ಯದಲ್ಲಿ ಸಾವಿರಗಟ್ಟಲೆ ಇರುವುವು. ಆ ಇಬ್ಬರಲ್ಲಿ ಒಬ್ಬರು ಮತದಾರರ ಪಟ್ಟಿಯನ್ನು ತಿದ್ದುವ ಕೆಲಸಕ್ಕಾಗಿ ಮನೆಮನೆಯ ಬಾಗಿಲನ್ನು ತಟ್ಟುತ್ತಿರುವರು. ಇನ್ನೊಬ್ಬರು ಮುಖ್ಯೋಪಾಧ್ಯಾಯರು. ಬಿಸಿಯೂಟದ ಅಕ್ಕಿ ಬೇಳೆ ಎಣ್ಣೆಗಳ ದಾಸ್ತಾನು, ಹಾಲಿನ ಪುಡಿಯ ಚೀಲ, ಮೊಟ್ಟೆಯ ಖರೀದಿ, ಇವುಗಳ ಲೆಕ್ಕ ಅವರ ತಲೆಯ ಮೇಲೆ. ಇದರ ಜತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯ ವಿವರವನ್ನೂ ಇಲಾಖೆಯ ಗಣಕಯಂತ್ರದ ಜಾಲಕ್ಕೆ ಏರಿಸತಕ್ಕದ್ದು, ತಾಲ್ಲೂಕಿನ ಸಭೆಗೆ ಹೋಗತಕ್ಕದ್ದು, ತರಬೇತಿಗೆ ಹೋಗತಕ್ಕದ್ದು, ಸಭೆಯಲ್ಲಿ ಕೇಳಿದ ಮಾಹಿತಿಯನ್ನು ಸಂಜೆಯೊಳಗೆ ಕಳುಹಿಸತಕ್ಕದ್ದು. ಮಕ್ಕಳಿಗೆ ಮೊಟ್ಟೆ ಕೊಡಬಾರದೆಂದು ಯಾರೂ ಹೇಳಲಾರರು, ಕೊಡಲೇಬೇಕು. ಆದರೆ ಮೊಟ್ಟೆಯ ಲೆಕ್ಕ ಬರೆಯುವ ಕೈಯೇ ಮಗ್ಗಿಯನ್ನೂ ಕಲಿಸಬೇಕಾದಲ್ಲಿ ಯಾವುದು ಹಿಂದೆ ಬೀಳುವುದೆಂದು ಊಹಿಸುವುದು ಕಷ್ಟವಲ್ಲ. ಏತಕ್ಕೆಂದರೆ ಮೊಟ್ಟೆಯ ಲೆಕ್ಕವನ್ನು ಕೇಳುವ ಅಧಿಕಾರಿಗಳುಂಟು. ಮಗ್ಗಿಯ ಲೆಕ್ಕವನ್ನು ಕೇಳುವವರಿಲ್ಲ.

ಅದೇ ಕಾಯಿದೆಯ 27ನೆಯ ಕಲಮು, ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ, ಈ ಮೂರರ ಹೊರತು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಉಪಾಧ್ಯಾಯರನ್ನು ನಿಯೋಜಿಸಬಾರದೆಂದು ಸ್ಪಷ್ಟವಾಗಿ ಹೇಳುವುದು. ಹೀಗಿರುವಲ್ಲಿ 2025ರಲ್ಲಿ ನಡೆದುದನ್ನು ವಾಚಕರು ನೆನಪಿಗೆ ತಂದುಕೊಳ್ಳಬಹುದು. ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಂದು ಆರಂಭವಾಯಿತು. ಮನೆಗಳನ್ನೆಣಿಸಲು ಹೊರಟವರಲ್ಲಿ ಬಹುಪಾಲು ಉಪಾಧ್ಯಾಯರೇ. ಅಕ್ಟೋಬರ್ 7ಕ್ಕೆ ಕೊನೆಗಾಣಬೇಕಾಗಿದ್ದ ದಸರೆಯ ರಜೆಯ ಹೊತ್ತಿಗೆ ಎಣಿಕೆ ಮುಗಿಯಲಿಲ್ಲ. ಆದಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಇಲ್ಲಿಯ ವಿಚಾರವಲ್ಲ, ಬೇಕೆಂದೇ ಒಪ್ಪಿಕೊಳ್ಳಬಹುದು. ಕಾಯಿದೆ ಎಣಿಸಿ ಹೇಳಿದ ಆ ಮೂರರಲ್ಲಿ ಅದು ಯಾವುದೂ ಅಲ್ಲವೆಂಬುದೂ, ಹಣ ತೆತ್ತು ಓದುವ ಮಕ್ಕಳ ಖಾಸಗಿ ಶಾಲೆಗಳು ತೆರೆದಿರುವಾಗ ಬಡವರ ಮಕ್ಕಳ ಶಾಲೆಗಳೇ ಮುಚ್ಚಿದುವೆಂಬುದೂ ಗಮನಿಸತಕ್ಕ ಮಾತು. ಒಂದು ಆಜ್ಞೆಯ ಬಲದಿಂದ, ನಡುವರ್ಷದಲ್ಲಿ, ಹನ್ನೊಂದು ದಿನಗಳ ಹದವಾದ ಚಳಿಗಾಲದ ಮುಂಚಿನ ಪಾಠಕಾಲ ಹೀಗೆ ಹಾರಿಹೋಗಬಹುದಾದರೆ, ಬೇಸಗೆಯಲ್ಲಿ ಎರಡು ವಾರ ಉಳಿಸಿದ ಫಲವೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂತಹ ಚಿಕಿತ್ಸೆಯನ್ನು ಕಂಡೇ ಹುಟ್ಟಿರಬೇಕು.

ಮೊಟಕು ಮಾಡುವ ಪ್ರಯೋಗವೂ ಒಮ್ಮೆ ನಡೆದುಹೋಗಿದೆ. ಮಹಾಮಾರಿಯ ಎರಡು ವರ್ಷಗಳಲ್ಲಿ ಶಾಲೆಗಳು ಮುಚ್ಚಿದ್ದು, ಮಕ್ಕಳ ಕಲಿಕೆ ಕುಗ್ಗಿತೆಂಬ ಕಾರಣದಿಂದ 2022ರಲ್ಲಿ 'ಕಲಿಕಾ ಚೇತರಿಕೆ' ಎಂಬ ಯೋಜನೆಯನ್ನು ಹೂಡಿ, ಮೇ 16ರಂದೇ ಶಾಲೆಗಳನ್ನು ತೆರೆದರು. ಶಾಲೆಗಳು ತೆರೆದುವು, ಪಠ್ಯಪುಸ್ತಕಗಳು ಬಂದಿರಲಿಲ್ಲ. ಅವುಗಳ ಪರಿಷ್ಕರಣೆಯ ಜಗಳ ಅದೇ ಮೇ ತಿಂಗಳಿನಲ್ಲಿ ಬೀದಿಗೆ ಬಿದ್ದಿತ್ತು. ಮರುವರ್ಷ ಮತ್ತೆ ಮೇ ತಿಂಗಳ ಕಡೆಗೇ ಶಾಲಾರಂಭವಾಯಿತು. ಆ ಹದಿನೈದು ದಿನಗಳಿಂದ ಬಂದ ಲಾಭವಿಷ್ಟೆಂದು ತೋರಿಸುವ ಹೊಣೆ ಮತ್ತೊಮ್ಮೆ ರಜೆಯನ್ನು ಕಡಿಯಬೇಕೆನ್ನುವವರದು. ಆ ಹೊಣೆಯನ್ನು ಅವರಾರೂ ಹೊತ್ತಂತೆ ಕಾಣುವುದಿಲ್ಲ.

ಅವರು ಮುಂದಿಡುವ ಪ್ರಮಾಣಗಳಲ್ಲಿ ಮುಖ್ಯವಾದದ್ದು ಅಜೀಂ ಪ್ರೇಂಜಿ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದಲ್ಲಿ, ನೂರಕ್ಕೆ 92 ಮಂದಿ ಭಾಷೆಯಲ್ಲಿಯೂ, 82 ಮಂದಿ ಗಣಿತದಲ್ಲಿಯೂ ಹಿಂದಿನ ವರ್ಷ ಬಲ್ಲುದರಲ್ಲಿ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡಿದ್ದರು. ಕಣ್ಣಿಗೆ ನೀರು ತರಿಸತಕ್ಕ ಅಂಕಿಗಳಿವು. ಆದರೆ ಇವು ವರ್ಷದುದ್ದಕ್ಕೂ ಬಾಗಿಲು ಮುಚ್ಚಿದ ಶಾಲೆಗಳ ಕಥೆಯನ್ನು ಹೇಳುವುವೇ ಹೊರತು ಆರೇಳು ವಾರಗಳ ರಜೆಯ ಕಥೆಯನ್ನಲ್ಲ. ಕ್ಷಾಮದಲ್ಲಿ ಜನ ಸತ್ತುದನ್ನು ತೋರಿಸಿ ಏಕಾದಶಿಯ ಉಪವಾಸವನ್ನು ನಿಷೇಧಿಸಬೇಕೆಂದರೆ ಯಾರು ಒಪ್ಪುವರು? ಅಮೆರಿಕದ ಹ್ಯಾರಿಸ್ ಕೂಪರ್ ಮೊದಲಾದವರು 1996ರಲ್ಲಿ, ಬೇಸಗೆಯ ರಜೆಯಿಂದ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯನ್ನು ಕಳೆದುಕೊಳ್ಳುವರೆಂದು ಬರೆದುದನ್ನೂ ಕೆಲವರು ಉದಾಹರಿಸುವರು. ಅಲ್ಲಿಯ ರಜೆ ಎರಡು ತಿಂಗಳನ್ನು ಮೀರಿದುದು. ಆ ಲೆಕ್ಕವನ್ನು ಅಲ್ಲಿಯ ವಿದ್ವಾಂಸರೇ ಈಚೆಗೆ ಸಂದೇಹದಿಂದ ನೋಡುತ್ತಿರುವರು. ಪರದೇಶದ ಪ್ರಮಾಣವೇ ಬೇಕೆನ್ನುವವರು ಫಿನ್ಲೆಂಡಿನ ಕಡೆಗೂ ಒಮ್ಮೆ ತಿರುಗಿ ನೋಡಲಿ. ಜೂನ್ ಆರಂಭದಿಂದ ಆಗಸ್ಟ್ ನಡುವಿನವರೆಗೆ ಅಲ್ಲಿಯ ಮಕ್ಕಳಿಗೆ ಶಾಲೆಯೇ ಇಲ್ಲ. ಆ ದೇಶದ ವಿದ್ಯಾಭ್ಯಾಸವನ್ನು ಹೊಗಳದ ಶಿಕ್ಷಣತಜ್ಞರು ವಿರಳ.

ಇನ್ನು ಬಿಸಿಲಿನ ಮಾತು. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಗಳಲ್ಲಿ ಮೇ ತಿಂಗಳ ಉಷ್ಣ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ ಸಂಗತಿ. ಕಲಬುರಗಿ ವಿಭಾಗದಲ್ಲಿಯೂ, ವಿಜಯಪುರ ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವುವು. ಪಂಖದ ಅಡಿಯಲ್ಲಿ ಕುಳಿತು ಕಡತ ತಿರುವುವ ಪ್ರಾಯದವರಿಗೆ ಮಧ್ಯಾಹ್ನದ ಬಿಸಿಲು ಸಹಿಸದೆಂಬುದು ನ್ಯಾಯವೇ. ಆದರೆ ತಗಡಿನ ಮಾಡಿನ ಕೆಳಗೆ, ನಲವತ್ತು ಮಂದಿಯ ನಡುವೆ, ಕುಡಿಯುವ ನೀರಿಗೂ ತತ್ವಾರವಾಗಿರುವ ಕಾಲದಲ್ಲಿ ಏಳು ವರ್ಷದ ಮಗು ಭಾಗಾಕಾರ ಮಾಡಬಲ್ಲುದೆಂದು ನಂಬುವುದು ಹೇಗೆ? ಹೆಸರನ್ನು ಬದಲಾಯಿಸಿದರೆ ರಜೆ ಹೋಗುವುದಾದರೆ ಬೇರೆ ಮಾತು. ದೇಶದ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತನ್ನ ಬೇಸಗೆಯ ರಜೆಯನ್ನು 'ಭಾಗಶಃ ಕೆಲಸದ ದಿನಗಳು' ಎಂದು ಕರೆದುಕೊಂಡಿತು. ಅಂತಹ ಉಪಾಯ ಮಕ್ಕಳಿಗೆ ತಿಳಿಯದು.

ಕರಾವಳಿ ಮಲೆನಾಡುಗಳ ಸ್ಥಿತಿ ಬೇರೆಯೆಂಬುದು ನಿಜ. ಅಲ್ಲಿ ಪಾಠವನ್ನು ಕೆಡಿಸುವುದು ಬಿಸಿಲಲ್ಲ, ಮಳೆ. ಆಷಾಢ ಶ್ರಾವಣಗಳಲ್ಲಿ ಹೊಳೆ ಉಕ್ಕಿದಾಗಲೆಲ್ಲ ಜಿಲ್ಲಾಧಿಕಾರಿಗಳ ಆಜ್ಞೆಯಿಂದ ಶಾಲೆಗಳು ಮುಚ್ಚುವುವು. 2025ರ ಜುಲೈ ತಿಂಗಳಿನಲ್ಲಿ ನೆರೆಯ ಕೇರಳದ ಶಿಕ್ಷಣಮಂತ್ರಿಗಳು, ರಜೆಯನ್ನು ಏಪ್ರಿಲ್ ಮೇ ತಿಂಗಳಿಂದ ಜೂನ್ ಜುಲೈಗೆ ಸರಿಸಬಹುದೇ ಎಂಬ ಪ್ರಶ್ನೆಯನ್ನು ಜನರ ಮುಂದಿಟ್ಟರು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಸಂಬಂಧಿಸಿದ ಪ್ರಶ್ನೆಯದು, ಚರ್ಚೆಗೆ ಅರ್ಹವಾದುದು. ಆದರೆ ರಜೆಯನ್ನು ಸರಿಸುವುದು ಬೇರೆ, ಕಡಿಯುವುದು ಬೇರೆ. ಬೀದರಿಗೂ ಉಡುಪಿಗೂ ಒಂದೇ ಪಂಚಾಂಗವನ್ನು ಕಟ್ಟುವುದು ಅವಿವೇಕವಿರಬಹುದು. ಅದನ್ನು ತಿದ್ದುವ ನೆಪದಿಂದ ಎರಡೂ ಕಡೆಯ ಮಕ್ಕಳ ದಿನಗಳನ್ನು ಕಸಿಯುವುದು ಇನ್ನೊಂದು ಅವಿವೇಕ.

ವಿದ್ಯಾವಂತ ಗೃಹಸ್ಥರು ಈ ವಿಷಯದಲ್ಲಿ ತಮ್ಮ ಮನೆಯನ್ನೇ ಸ್ವಲ್ಪ ಪರೀಕ್ಷಿಸಿಕೊಳ್ಳುವುದು ಲೇಸು. ಅವರ ಮಕ್ಕಳು ಓದುವುದು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ. ಬೆಳಗ್ಗೆ ಬಸ್ಸು ಹತ್ತಿದ ಮಗು ಸಂಜೆ ಇಳಿಯುವವರೆಗೆ ಕನ್ನಡದಲ್ಲಿ ಮಾತನಾಡುವುದು ಅಪರಾಧವೆನ್ನುವ ಶಾಲೆಗಳೂ ಉಂಟು. ಮನೆಗೆ ಬಂದರೆ ಮನೆಪಾಠ. ಆ ಮಗುವಿಗೆ ಕನ್ನಡವು ಭಾಷೆಯಾಗಿ, ಬದುಕಾಗಿ ದೊರೆಯುವುದೆಲ್ಲಿ? ಅಜ್ಜಿಯ ಮನೆಯಲ್ಲಿ, ಅದೂ ಬೇಸಗೆಯಲ್ಲಿ. ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವಂದಿರನ್ನು ಒಬ್ಬೊಬ್ಬರನ್ನಾಗಿ ಕರೆದು ಅಭ್ಯಾಸವಾಗುವುದು ಅಲ್ಲಿ. ಎಲ್ಲರನ್ನೂ 'ಆಂಟಿ', 'ಅಂಕಲ್' ಎಂಬ ಎರಡೇ ಚೀಲಗಳಲ್ಲಿ ತುಂಬುವ ಪಟ್ಟಣದ ಪದ್ಧತಿ ಅಲ್ಲಿ ನಡೆಯದು. ಹಲಸಿನ ಹಣ್ಣಿನಲ್ಲಿ ಬಕ್ಕೆ ಬೇರೆ, ತುಳುವೆ ಬೇರೆ ಎಂಬುದು, ಕವಳಿಹಣ್ಣು ಕಾರೆಹಣ್ಣುಗಳ ರುಚಿ, ಭರಣಿ ಮಳೆ ಯಾವುದು ಕೃತ್ತಿಕೆ ಯಾವುದೆಂಬ ತಿಳಿವು, ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತ ಕೇಳಿದ ಒಗಟು, ಚೌಕಾಬಾರ ಅಳಗುಳಿಮಣೆಗಳ ಲೆಕ್ಕ, ಇವು ಯಾವ ಪಠ್ಯಪುಸ್ತಕದಿಂದಲೂ ಬರುವುವಲ್ಲ. ದಕ್ಷಿಣ ಕನ್ನಡದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ. ರಾತ್ರಿಯಿಡೀ ಕುಳಿತು ಆಟ ನೋಡಿ ಬೆಳಗ್ಗೆ ಮಲಗುವ ಸ್ವಾತಂತ್ರ್ಯ ಮಗುವಿಗೆ ಇರುವುದು ರಜೆಯಲ್ಲಿ ಮಾತ್ರ. ಸುಧನ್ವಾರ್ಜುನರ ವಾದವನ್ನು ಕೇಳಿ ಬಂದ ಹುಡುಗನ ಬಾಯಲ್ಲಿ ಮರುದಿನ ಉರುಳುವ ಕನ್ನಡ ಯಾವ ವ್ಯಾಕರಣದ ಮೇಷ್ಟರಿಗೂ ಕಲಿಸಲು ಅಸಾಧ್ಯ. ಕನ್ನಡ ಅಳಿಯುತ್ತಿದೆಯೆಂದು ನವೆಂಬರಿನಲ್ಲಿ ಭಾಷಣ ಮಾಡುವವರೇ ಏಪ್ರಿಲಿನಲ್ಲಿ ರಜೆ ಹೆಚ್ಚಾಯಿತೆನ್ನುವುದು ವಿಚಿತ್ರವಾಗಿದೆ.

ಅಜ್ಜಿಯ ಮನೆಗಳೆಲ್ಲಿ ಉಳಿದಿವೆ, ಮಕ್ಕಳು ರಜೆಯಲ್ಲಿ ಮಾಡುವುದು ಕೈಫೋನಿನ ಪರದೆಯನ್ನು ಉಜ್ಜುವ ಕೆಲಸವೊಂದೇ, ಎಂದು ಆಕ್ಷೇಪಿಸುವರು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ಪರದೆಯನ್ನು ಮಗುವಿನ ಕೈಗೆ ಕೊಟ್ಟುದು ರಜೆಯಲ್ಲ, ಹಿರಿಯರು. ಶಾಲೆಯಿರುವ ದಿನಗಳ ಸಂಜೆಯೂ ಅದು ಅದೇ ಕೈಯಲ್ಲಿರುವುದು. ಅಜ್ಜಿಯಿಲ್ಲದ ಮಕ್ಕಳಿಗೆ ಮೈಸೂರಿನ ರಂಗಾಯಣದವರ ಚಿಣ್ಣರ ಮೇಳದಂತಹ ಏರ್ಪಾಡುಗಳು ಜಿಲ್ಲೆ ಜಿಲ್ಲೆಯಲ್ಲಿಯೂ ಆಗಬಾರದೇಕೆ? ಗ್ರಾಮಪಂಚಾಯಿತಿಗಳ ಪುಸ್ತಕಾಲಯಗಳು ಈಗ 'ಅರಿವು ಕೇಂದ್ರ'ಗಳೆನ್ನಿಸಿಕೊಂಡಿವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳು ಅಲ್ಲಿ ಶುಲ್ಕವಿಲ್ಲದೆ ಸದಸ್ಯರಾದರು. ಮೇ ತಿಂಗಳಲ್ಲಿ ಅವುಗಳ ಬಾಗಿಲು ಇಡೀ ದಿನ ತೆರೆದಿರುವಂತೆ ಮಾಡುವುದು ಶಾಲೆಯನ್ನು ತೆರೆಯುವುದಕ್ಕಿಂತ ಸುಲಭವೂ ಹೌದು, ಅಗ್ಗವೂ ಹೌದು. ಸಾವಿರಾರು ರೂಪಾಯಿ ತೆತ್ತು ಈಜು, ಚಿತ್ರ, ಕುದುರೆ ಸವಾರಿಗಳ ಶಿಬಿರಕ್ಕೆ ಸ್ವಂತ ಮಗುವನ್ನು ಸೇರಿಸಿ, ಸರ್ಕಾರಿ ಶಾಲೆಯ ಮಗುವಿಗೆ ರಜೆ ಅನಾವಶ್ಯಕವೆಂದು ತೀರ್ಪು ಕೊಡುವವರ ಮಾತನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಉಪಾಧ್ಯಾಯರ ಪುಕ್ಕಟೆ ಸಂಬಳದ ಅಪವಾದಕ್ಕೆ ಹೆಚ್ಚು ಮಾತು ಬೇಡ. ಇತರ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ. ಬೇಸಗೆಯ ರಜೆಯುಂಟೆಂಬ ಕಾರಣದಿಂದಲೇ ಉಪಾಧ್ಯಾಯರಿಗೆ 10. ಅತಿಥಿ ಶಿಕ್ಷಕರಿಗಂತೂ ರಜೆಯ ತಿಂಗಳುಗಳಲ್ಲಿ ಸಂಬಳವೇ ಇಲ್ಲ.

ರಜೆಯನ್ನು ಕಡಿಯಬೇಕೆನ್ನುವವರ ವಾದಗಳಲ್ಲಿ ತಲೆಬಾಗಿ ಕೇಳತಕ್ಕವು ಎರಡು. ಮೊದಲನೆಯದು ಹಸಿವು. ಅಕ್ಷರ ದಾಸೋಹದ ಮಧ್ಯಾಹ್ನದ ಊಟವೇ ದಿನದ ಹೊಟ್ಟೆತುಂಬ ಊಟವಾಗಿರುವ ಮಕ್ಕಳು ಲಕ್ಷಗಟ್ಟಲೆ ಇರುವರು. ಶಾಲೆ ಮುಚ್ಚಿತೆಂದರೆ ಒಲೆಯೂ ಆರಿತು. ಇದಕ್ಕೆ ಪರಿಹಾರ ಊಟವೇ ಹೊರತು ಪಾಠವಲ್ಲ. ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್ 20ರಂದೇ, ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟ ಬಡಿಸಬೇಕೆಂದು ಆಜ್ಞಾಪಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಮರುವರ್ಷದ ಬೇಸಗೆಯಲ್ಲಿ ಆ ತಾಲ್ಲೂಕುಗಳ ಮಕ್ಕಳಿಗೆ ರಜೆಯಲ್ಲಿಯೇ ಬಿಸಿಯೂಟದ ಏರ್ಪಾಡಾಯಿತು. ಬರದ ವರ್ಷ ಆಗತಕ್ಕುದು ಪ್ರತಿವರ್ಷವೂ ಆಗಬಾರದೇಕೆ? ಹಸಿವಿಗೆ ಬರದ ಘೋಷಣೆ ಬೇಕಿಲ್ಲ.

ಎರಡನೆಯದು ಹೆಣ್ಣುಮಕ್ಕಳ ಸಂಗತಿ. ಉತ್ತರದ ಜಿಲ್ಲೆಗಳಲ್ಲಿಯೂ, ದಕ್ಷಿಣದ ಕೆಲವು ಕಡೆಗಳಲ್ಲಿಯೂ, ಹದಿಮೂರು ಹದಿನಾಲ್ಕರ ಹುಡುಗಿ ಏಪ್ರಿಲಿನಲ್ಲಿ ಚೀಲವನ್ನು ಗೂಟಕ್ಕೆ ತೂಗುಹಾಕಿದವಳು ಜೂನ್ ತಿಂಗಳಲ್ಲಿ ಶಾಲೆಗೆ ಬರುವುದೇ ಇಲ್ಲ. ಅಷ್ಟರಲ್ಲಿ ಅವಳ ಕೊರಳಿಗೆ ತಾಳಿ ಬಿದ್ದಿರುವುದು. ಹದಿನೆಂಟು ತುಂಬದ ಹುಡುಗಿಯ ವಿವಾಹ ಶಿಕ್ಷಾರ್ಹ ಅಪರಾಧ. ಅಂತಹ ವಿವಾಹ ಕರ್ನಾಟಕದ ತಿದ್ದುಪಡಿಯ ಪ್ರಕಾರ ಆರಂಭದಿಂದಲೇ ಅಸಿಂಧು. ಆದರೂ ಬೇಸಗೆಯ ಸಾಮೂಹಿಕ ಮದುವೆಯ ಚಪ್ಪರಗಳಲ್ಲಿ ವಯಸ್ಸಿನ ಚೀಟಿಯನ್ನು ನೋಡುವವರು ಕಡಿಮೆ. ಶಾಲೆ ತೆರೆದಿದ್ದರೆ ಉಪಾಧ್ಯಾಯಿನಿಯ ಕಣ್ಣು ಅವಳ ಮೇಲಿರುತ್ತಿತ್ತೆಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡು ವಾರವನ್ನು ಕಡಿದರೆ ಅವಳು ಉಳಿಯುವಳೆ? ಮದುವೆಗಳ ದಟ್ಟಣೆ ಅಕ್ಷಯ ತೃತೀಯೆಯಂದು. ಮೊಟಕು ರಜೆಯ ಆ 2022ರಲ್ಲಿ ಅಕ್ಷಯ ತೃತೀಯೆ ಬಂದುದು ಮೇ 3ರಂದು; ಶಾಲೆ ತೆರೆದುದು ಮೇ 16ರಂದು. 2025ರಲ್ಲಿ ಆ ತಿಥಿ ಏಪ್ರಿಲ್ 30ಕ್ಕೇ ಬಂದಿತ್ತು. ಹುಡುಗಿ ಮನೆಬಿಟ್ಟು ಹೋದ ಮೇಲೆ ಶಾಲೆಯ ಗಂಟೆ ಹದಿನೈದು ದಿನ ಮೊದಲು ಬಾರಿಸಿತೇ, ನಂತರ ಬಾರಿಸಿತೇ ಎಂಬುದರಿಂದ ಅವಳಿಗೆ ಆಗುವ ಭೇದವೇನು?

ಅವಳಿಗೆ ಬೇಕಾದುದು ಏಪ್ರಿಲ್ 10ರ ಸಂಜೆಯ ಕೆಲಸ. ಶಾಲೆ ಮುಚ್ಚುವ ದಿನ ಏಳನೆಯ, ಎಂಟನೆಯ ತರಗತಿಯ ಹುಡುಗಿಯರ ಹೆಸರಿನ ಪಟ್ಟಿಯೊಂದು ಅಂಗನವಾಡಿಯ ಕಾರ್ಯಕರ್ತೆಗೂ ಪಂಚಾಯಿತಿಯ ಅಧಿಕಾರಿಗೂ ಸೇರಬೇಕು. ಆ ಪಟ್ಟಿಯ ಒಂದೊಂದು ಮನೆಯ ಬಾಗಿಲಿಗೂ ರಜೆಯಲ್ಲಿ ಎರಡು ಸಲವಾದರೂ ಯಾರಾದರೊಬ್ಬರು ಹೋಗಿ, ಹುಡುಗಿ ಎಲ್ಲಿ ಎಂದು ಕೇಳಬೇಕು. ಮತದಾರರ ಪಟ್ಟಿಯನ್ನು ಹಿಡಿದು ಪ್ರತಿಯೊಂದು ಬಾಗಿಲನ್ನೂ ಮುಟ್ಟಬಲ್ಲ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ಇಷ್ಟು ಮಾಡದೆ ಮೇ 16ರಂದು ಬಾಗಿಲು ತೆರೆದ ಶಾಲೆಯಲ್ಲಿ, ಉಪಾಧ್ಯಾಯರು ಹಾಜರಿ ಪುಸ್ತಕವನ್ನು ಬಿಡಿಸಿ ಹೆಸರು ಕೂಗುವರು. ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಎದುರಿಗೆ ಒಂದು ಚುಕ್ಕೆ ಇಟ್ಟು ಮುಂದಿನ ಹೆಸರಿಗೆ ಹೋಗುವರು.